ಪಂಜರ ಎಷ್ಟು ದೊಡ್ಡದಿರಬೇಕು?

ಕಳೆದ ದೀಪಾವಳಿಗೆ ನಾಸಿಕದ ತಂಗಿಯ ಮನೆಗೆ ಹೋಗಿದ್ದೆ. ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಒಂದು ವ್ಯಾಜ್ಯ ನನ್ನ ಮುಂದೆ ತೀರ್ಪಿಗೆ ಬಂತು. ತಂಗಿಯ ಮೊಮ್ಮಗ, ಏಳನೆಯ ತರಗತಿಯ ಹುಡುಗ, ಒಂದು ಚಿಂಚಿಲ್ಲಾ ಸಾಕಬೇಕೆಂದು ಹಟ ಹಿಡಿದಿದ್ದ. ಚಿಂಚಿಲ್ಲಾ ಎಂದರೆ ಇಲಿ, ಅಳಿಲುಗಳ ಬಳಗಕ್ಕೆ ಸೇರಿದ, ಮೊಲದ ಹಾಗೆ ಮೃದುವಾದ, ಪೊದೆಬಾಲದ ಬೂದುಬಣ್ಣದ ಪ್ರಾಣಿ. ಮೈಯುದ್ದ ಒಂದು ಗೇಣಿಗಿಂತ ತುಸು ಹೆಚ್ಚು, ತೂಕ ಅರ್ಧ ಕಿಲೋದ ಆಸುಪಾಸು. ಹುಡುಗನ ಅಪ್ಪ ಒಪ್ಪಿದ್ದ, ಅಮ್ಮ ಅರ್ಧ ಒಪ್ಪಿದ್ದಳು. ಜಗಳವಿದ್ದದ್ದು ಪಂಜರದ ವಿಷಯದಲ್ಲಿ. ಅಂಗಡಿಯವನು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಪಂಜರ ಧಾರಾಳವಾಯಿತು ಎಂದಿದ್ದನಂತೆ. ಹುಡುಗ ಆಳೆತ್ತರದ್ದು ಬೇಕೆನ್ನುತ್ತಿದ್ದ. ಭಾವನವರು ಟೇಪು ಹಿಡಿದು ಬಾಲ್ಕನಿಯನ್ನು ಅಳೆಯುತ್ತ, "ಗೇಣುದ್ದದ ಇಲಿಗೆ ಅರಮನೆ ಕಟ್ಟಿಸೋಣವೇನಪ್ಪಾ?" ಎಂದು ನಗುತ್ತಿದ್ದರು.

"ಅಜ್ಜ, ನೀವು ಅಷ್ಟೊಂದು ಪುಸ್ತಕ ಓದಿದವರು. ನೀವೇ ಹೇಳಿ, ಪಂಜರ ಎಷ್ಟು ದೊಡ್ಡದಿರಬೇಕು?" ಎಂದ ಹುಡುಗ.

ನಾನು ಒಂದು ವಾರದ ವಾಯಿದೆ ಕೇಳಿದೆ. ಮೇಲ್ನೋಟಕ್ಕೆ ಇದು ಬಡಗಿಯೋ ಬೆಸುಗೆಯವನೋ ಉತ್ತರಿಸಬೇಕಾದ ಪ್ರಶ್ನೆ. ಆದರೆ ಯೋಚಿಸುತ್ತ ಹೋದಂತೆ ಇದಕ್ಕೂ ಒಂದು ಚರಿತ್ರೆಯಿದೆಯೆಂದು ತೋರಿತು. ಮನುಷ್ಯ ತಾನು ಕೂಡಿಹಾಕಿದ ಜೀವಕ್ಕೆ ಎಷ್ಟು ಜಾಗ ಕೊಟ್ಟ, ಆ ಅಳತೆಯನ್ನು ಯಾವುದರಿಂದ ಪಡೆದ ಎಂಬುದೇ ಆ ಚರಿತ್ರೆ. ಅದರ ಕೆಲವು ಪುಟಗಳು ನಾಸಿಕ ಮತ್ತು ಛತ್ರಪತಿ ಸಂಭಾಜಿನಗರದ ಸುತ್ತಲೇ ಇವೆ. 2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಊರೇ ಈ ಸಂಭಾಜಿನಗರ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಕವಿರಾಜಮಾರ್ಗ ಹೇಳಿದ ಆ ಗೋದಾವರಿಯ ದಡದಲ್ಲೇ ನಾಸಿಕವಿದೆ. ರಾಷ್ಟ್ರಕೂಟ ಕೃಷ್ಣನ ಕಾಲದ ಕೈಲಾಸ ದೇವಾಲಯ ಸಂಭಾಜಿನಗರದ ಪಕ್ಕದ ಎಲ್ಲೋರದಲ್ಲಿದೆ. ಹಾಗಾಗಿ ಈ ಎರಡು ಊರುಗಳು ನಮಗೆ ತೀರ ಪರಸ್ಥಳವೇನಲ್ಲ.

ಬೆಟ್ಟದಿಂದ ಇಳಿದು ಬಂದ ಪ್ರಾಣಿ

ಮೊದಲು ಈ ಅತಿಥಿಯ ಕುಲಗೋತ್ರ ತಿಳಿಯೋಣ. ಚಿಂಚಿಲ್ಲಾದ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ. ಅಲ್ಲಿ ಗಾಳಿ ಒಣ, ರಾತ್ರಿ ಕೊರೆಯುವ ಚಳಿ. ಬಂಡೆಗಳ ಬಿರುಕುಗಳಲ್ಲಿ ಗುಂಪು ಗುಂಪಾಗಿ ವಾಸಿಸಿ, ಸಂಜೆ ಮತ್ತು ರಾತ್ರಿ ಹೊರಬಿದ್ದು, ಬಂಡೆಯಿಂದ ಬಂಡೆಗೆ ಜಿಗಿಯುತ್ತ ಮೇಯುವ ಪ್ರಾಣಿ ಇದು. ನಮ್ಮ ತಲೆಯಲ್ಲಿ ಒಂದು ರಂಧ್ರದಿಂದ ಒಂದೆರಡು ಕೂದಲು ಹುಟ್ಟಿದರೆ ಇದರ ಮೈಯಲ್ಲಿ ಐವತ್ತಕ್ಕೂ ಮಿಕ್ಕಿ ಎಳೆಗಳು ಹುಟ್ಟುತ್ತವೆ. ಅಷ್ಟು ದಟ್ಟವಾದ ತುಪ್ಪಳದೊಳಕ್ಕೆ ನೀರು ಹೋದರೆ ಬೇಗ ಒಣಗದು. ಆದ್ದರಿಂದ ಇದು ನೀರಿನಲ್ಲಿ ಮೀಯುವುದಿಲ್ಲ, ನುಣ್ಣನೆಯ ಬೂದಿಯಂಥ ಮಣ್ಣಿನಲ್ಲಿ ಹೊರಳಿ ಮೈ ಶುಚಿಮಾಡಿಕೊಳ್ಳುತ್ತದೆ.

ಆ ತುಪ್ಪಳವೇ ಇದಕ್ಕೆ ಮೃತ್ಯುವಾಯಿತು. ಯುರೋಪು, ಅಮೆರಿಕಗಳ ಸಿರಿವಂತ ಹೆಂಗಸರ ಮೇಲಂಗಿಗಾಗಿ ಚಿಲಿ ದೇಶವೊಂದರಿಂದಲೇ 1828ರಿಂದ 1916ರ ನಡುವೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಚರ್ಮಗಳು ರಫ್ತಾದವೆಂದು ಲೆಕ್ಕವಿದೆ. 1910ರಲ್ಲಿ ಚಿಲಿ, ಪೆರು, ಬೊಲಿವಿಯ, ಅರ್ಜೆಂಟೀನಾಗಳು ಬೇಟೆಯನ್ನು ತಡೆಯಲು ಒಪ್ಪಂದ ಮಾಡಿಕೊಂಡವು. ಅಷ್ಟರಲ್ಲಿ ಕಾಡಿನಲ್ಲಿ ಪ್ರಾಣಿಯೇ ಅಪರೂಪವಾಗಿತ್ತು.

ಆಗ ಚಿಲಿಯ ತಾಮ್ರದ ಗಣಿಯಲ್ಲಿ ಕೆಲಸಕ್ಕಿದ್ದ ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕನ್ ಎಂಜಿನಿಯರನು, ಇವನ್ನು ಊರಿಗೆ ಒಯ್ದು ಸಾಕಬೇಕೆಂದು ಯೋಚಿಸಿದ. ಇಪ್ಪತ್ತಮೂರು ಮಂದಿ ಬೇಟೆಗಾರರನ್ನು ನೇಮಿಸಿ, ಸುಮಾರು ಮೂರು ವರ್ಷ ಹುಡುಕಿಸಿದರೂ ಸಿಕ್ಕಿದ್ದು ಹತ್ತಾರು ಮಾತ್ರ. ಬೆಟ್ಟದ ತುದಿಯಿಂದ ಸಮುದ್ರದ ಮಟ್ಟಕ್ಕೆ ಅವನ್ನು ಒಮ್ಮೆಲೇ ಇಳಿಸಿದರೆ ಸಾಯುತ್ತವೆಂದು ತಿಳಿದು, ತಿಂಗಳುಗಟ್ಟಲೆ ನಿಂತು ನಿಂತು ಮೆಟ್ಟಿಲಿಳಿದಂತೆ ಕೆಳಗೆ ತಂದ. ಹಡಗಿನಲ್ಲಿ ಪಂಜರಗಳಿಗೆ ಮಂಜುಗಡ್ಡೆಯ ಆಸರೆ ಕೊಟ್ಟು ಕಾಪಾಡಿದ. ಹೀಗೆ 1923ರಲ್ಲಿ ಹನ್ನೊಂದು ಚಿಂಚಿಲ್ಲಾಗಳು ಕ್ಯಾಲಿಫೋರ್ನಿಯಾ ತಲುಪಿದವು. ಇಂದು ಜಗತ್ತಿನ ಮನೆಗಳಲ್ಲಿರುವ ಚಿಂಚಿಲ್ಲಾಗಳಲ್ಲಿ ಬಹುಪಾಲು ಆ ಹನ್ನೊಂದರ ಸಂತಾನವೆನ್ನುತ್ತಾರೆ. ಚಿಂಚಿಲ್ಲಾದ ಪಂಜರದ ಚರಿತ್ರೆಯಲ್ಲಿ ಮೊದಲ ಪಾಠವೇ ತಂಪಿನದು. ಓದುಗರು ಇದನ್ನು ನೆನಪಿನಲ್ಲಿಡಬೇಕು, ಕೊನೆಗೆ ಬೇಕಾಗುತ್ತದೆ.

ಚಾಪ್‌ಮನ್ ತಂದದ್ದೂ ತುಪ್ಪಳದ ವ್ಯಾಪಾರಕ್ಕಾಗಿಯೇ. ಆಮೇಲೆ ಹುಟ್ಟಿಕೊಂಡ ತುಪ್ಪಳದ ಸಾಕಣೆ ಕೇಂದ್ರಗಳಲ್ಲಿ ಸಣ್ಣ ಸಣ್ಣ ತಂತಿಯ ಗೂಡುಗಳನ್ನು ಸಾಲಾಗಿ ಜೋಡಿಸಿದರು. ಹಿಂಬದಿಯಲ್ಲಿ ಒಂದು ಓಣಿ, ಅದರಲ್ಲಿ ಓಡಾಡುವ ಗಂಡು ಒಂದೇ. ಹೆಣ್ಣುಗಳ ಕುತ್ತಿಗೆಗೆ ಪಟ್ಟಿ. ಅದಿದ್ದರೆ ಬಾಗಿಲಿನ ತೂತಿನಿಂದ ಅವು ಹೊರಬರಲಾರವು. ಈ ಗೂಡಿನ ಅಳತೆಗೂ ಪ್ರಾಣಿಯ ಜಿಗಿತಕ್ಕೂ ಸಂಬಂಧವಿರಲಿಲ್ಲ. ಕೊಟ್ಟಿಗೆಯಲ್ಲಿ ಎಷ್ಟು ಗೂಡು ಹಿಡಿಸುತ್ತವೆ ಎಂಬುದೇ ಅಲ್ಲಿ ಅಳತೆ. ಅಂಗಡಿಯವನು ಹೇಳಿದ ಎರಡು ಅಡಿಗೂ ಈ ಲೆಕ್ಕಕ್ಕೂ ಹತ್ತಿರದ ನಂಟಿದೆ ಎಂದು ನನ್ನ ಅನುಮಾನ.

ಅಜಂತಾದ ಗೋಡೆಯ ಮೇಲಿನ ಆನೆ

ವಾಯಿದೆಯ ವಾರದಲ್ಲೇ ಹುಡುಗನನ್ನು ಕರೆದುಕೊಂಡು ಸಂಭಾಜಿನಗರಕ್ಕೆ, ಅಲ್ಲಿಂದ ನೂರು ಕಿಲೋಮೀಟರಿನಷ್ಟು ದೂರದ ಅಜಂತಾಕ್ಕೆ ಹೋಗಿಬಂದೆವು. ಹದಿನೇಳನೆಯ ಗುಹೆಯಲ್ಲಿ ನಾನು ಅವನಿಗೆ ತೋರಿಸಿದ್ದು ಒಂದು ಆನೆಯನ್ನು. ಐದನೆಯ ಶತಮಾನದ ಕೊನೆಯಲ್ಲಿ, ವಾಕಾಟಕ ಹರಿಷೇಣನ ಕಾಲದಲ್ಲಿ, ಅವನ ಸಾಮಂತನೊಬ್ಬ ಮಾಡಿಸಿದ ಗುಹೆ ಅದು.

ಚಿತ್ರದ ಕಥೆ ಮಾತೃಪೋಷಕ ಜಾತಕದ್ದು. ಕಾಡಿನಲ್ಲಿ ಕುರುಡು ತಾಯಿಯನ್ನು ಸಾಕುತ್ತಿದ್ದ ಬಿಳಿಯಾನೆಯೊಂದನ್ನು ವಾರಾಣಸಿಯ ರಾಜ ಹಿಡಿಸಿ ತರುತ್ತಾನೆ. ಲಾಯಕ್ಕೆ ಅಲಂಕಾರ ಮಾಡಿಸುತ್ತಾನೆ, ರಾಜಭೋಜನ ಇಡಿಸುತ್ತಾನೆ. ಆನೆ ಮಾತ್ರ ಒಂದು ತುತ್ತನ್ನೂ ಮುಟ್ಟುವುದಿಲ್ಲ. ರಾಜ ಕಾರಣ ಕೇಳಿ ತಿಳಿದು ಅದನ್ನು ಬಿಟ್ಟುಬಿಡುತ್ತಾನೆ. ಆನೆ ಮರಳಿ ತಾಯಿಯನ್ನು ಸೇರುತ್ತದೆ. ಲಾಯ ಚಿಕ್ಕದಾಯಿತೆಂದು ಆ ಆನೆ ಉಪವಾಸ ಮಾಡಲಿಲ್ಲ. ಅದಕ್ಕೆ ಬೇಕಾದ್ದು ಆ ಲಾಯದಲ್ಲಿರಲಿಲ್ಲ, ಅಷ್ಟೇ.

ಒಂದನೆಯ ಗುಹೆಯಲ್ಲಿ ಚಂಪೇಯ ಜಾತಕವಿದೆ. ನಾಗರಾಜನೇ ಹಾವಾಡಿಗನ ಕೈಗೆ ಸಿಕ್ಕು, ಬುಟ್ಟಿಯಲ್ಲಿ ಊರೂರು ತಿರುಗಿ, ರಾಜನ ಎದುರು ಆಡುವ ಪ್ರಸಂಗ. ನಾಗಲೋಕದ ಅರಮನೆ ಬಿಟ್ಟು ಬಂದವನಿಗೆ ಒಂದು ಬಿದಿರು ಬುಟ್ಟಿ! ಹುಡುಗ ಬಹಳ ಹೊತ್ತು ಅದನ್ನೇ ನೋಡಿ, "ಇವನನ್ನೂ ಬಿಟ್ಟರಾ ಅಜ್ಜ?" ಎಂದು ಕೇಳಿದ. ಬಿಟ್ಟರು ಎಂದೆ. ಕಥೆಗಳಲ್ಲಿ ಬಿಡುವುದು ಸುಲಭ. ಹನ್ನೊಂದು ಪೂರ್ವಜರಿಂದ ನೂರು ವರ್ಷ ಪಂಜರದಲ್ಲೇ ಹುಟ್ಟಿ ಬೆಳೆದ ಪ್ರಾಣಿಯನ್ನು ನಾಸಿಕದ ಬಯಲಿಗೆ ಬಿಟ್ಟರೆ ಒಂದು ದಿನವೂ ಬದುಕಲಾರದು. ಆದ್ದರಿಂದ ನಮ್ಮ ಪ್ರಶ್ನೆ ಅಳತೆಯ ಪ್ರಶ್ನೆಯಾಗಿಯೇ ಉಳಿಯುತ್ತದೆ.

ಯಜಮಾನನ ಅಳತೆ

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಹುಲಿಗಳು ಪ್ರಸಿದ್ಧ. ಅವು ಇದ್ದದ್ದು ರಾಜನ ಪ್ರತಾಪವನ್ನು ಸಾರುವುದಕ್ಕೆ. 1799ರ ಮೇ 4ರಂದು ಕೋಟೆ ಬಿದ್ದು ಸುಲ್ತಾನ ಮಡಿದ. ಮರುದಿನವೇ ಪಟ್ಟಣದ ಹೊಣೆ ಹೊತ್ತ ಆರ್ಥರ್ ವೆಲ್ಲೆಸ್ಲಿ ಒಂದು ಕಾಗದ ಬರೆದ. ಇಲ್ಲಿ ಕೆಲವು ಹುಲಿಗಳಿವೆ, ಅವಕ್ಕೆ ಆಹಾರವಿಲ್ಲ, ನೋಡಿಕೊಳ್ಳುವವರಿಲ್ಲ, ರೇಗುತ್ತಿವೆ. ಯಾರಾದರೂ ಒಯ್ಯದಿದ್ದರೆ ಗುಂಡಿಟ್ಟು ಕೊಲ್ಲಿಸಬೇಕಾಗುತ್ತದೆ ಎಂಬುದು ಅದರ ಸಾರಾಂಶ. ಯಜಮಾನನಿಗಾಗಿ ಇದ್ದ ಪ್ರಾಣಿಗೆ ಯಜಮಾನ ಹೋದ ಮರುದಿನ ಅನ್ನವಿಲ್ಲ.

ಈ ಮಾತು ನಮ್ಮಂಥವರಿಗೆ ಹೆಚ್ಚು ತಟ್ಟಬೇಕು. ನೌಕರಿಯ ಬೆನ್ನು ಹತ್ತಿ ಊರೂರು ಸುತ್ತುವವರು ನಾವು. ಚೆನ್ನಾಗಿ ಸಾಕಿದ ಚಿಂಚಿಲ್ಲಾ ಹತ್ತರಿಂದ ಇಪ್ಪತ್ತು ವರ್ಷ ಬದುಕುತ್ತದೆ. ಏಳನೆಯ ತರಗತಿಯ ಹುಡುಗ ತಂದ ಪ್ರಾಣಿ ಅವನ ಹತ್ತನೆಯ ತರಗತಿ, ಕಾಲೇಜು, ನೌಕರಿ, ಪ್ರಾಯಶಃ ಮದುವೆಯನ್ನೂ ನೋಡುತ್ತದೆ. ಅವನು ಪುಣೆಗೋ ಬೆಂಗಳೂರಿಗೋ ಹೋದಾಗ ಪಂಜರದ ಪಾಲಕರು ಯಾರು? ಅಜ್ಜಿ ತಾನೇ!

ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು 1892ರಲ್ಲಿ ಮೃಗಾಲಯ ಸ್ಥಾಪಿಸಿದಾಗ ಅದರ ವಿಸ್ತಾರ ಸುಮಾರು ಹತ್ತು ಎಕರೆ. ಅರಮನೆಯ ಮೃಗಾಲಯವಾಗಿದ್ದದ್ದಕ್ಕೆ 1909ರಲ್ಲಿ ಅವರದೇ ಹೆಸರಾಯಿತು. ಇಂದು ಅದು ನೂರೈವತ್ತು ಎಕರೆಗೂ ಮೀರಿ ಬೆಳೆದಿದೆ. ಆ ಕಾಲದಲ್ಲಿ ಜಗತ್ತಿನ ಎಲ್ಲ ಕಡೆ ಮೃಗಾಲಯವೆಂದರೆ ಕಬ್ಬಿಣದ ಸರಳಿನ ಬೋನುಗಳೇ. ನೋಡುವವನಿಗೆ ಪ್ರಾಣಿ ಹತ್ತಿರ ಕಾಣಬೇಕು, ಕಾವಲುಗಾರನಿಗೆ ತೊಳೆಯಲು ಸುಲಭವಾಗಬೇಕು ಎಂಬುದೇ ಬೋನಿನ ಅಳತೆ. 1907ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಬಳಿ ಕಾರ್ಲ್ ಹಾಗೆನ್‌ಬೆಕ್ ಎಂಬ ಪ್ರಾಣಿ ವ್ಯಾಪಾರಿ ಸರಳುಗಳನ್ನು ಕಿತ್ತು ಕಂದಕ ತೋಡಿದ. ಕಂದಕದ ಅಗಲ ಎಷ್ಟಿರಬೇಕೆಂದು ತಿಳಿಯಲು ಪ್ರಾಣಿ ಎಷ್ಟು ದೂರ, ಎಷ್ಟು ಎತ್ತರ ಜಿಗಿಯುತ್ತದೆಂದು ಅಳೆಯಬೇಕಾಯಿತು. ನೋಡಿ, ಅಳತೆಯ ಟೇಪು ಯಜಮಾನನ ಕೋಣೆಯಿಂದ ಪ್ರಾಣಿಯ ಮೈಗೆ ಬಂದದ್ದು ಹೀಗೆ. ಮೈಸೂರಿನಲ್ಲಿ ಕಂದಕದಾಚೆ ಬಯಲಿನಲ್ಲಿ ಮಲಗಿದ ಹುಲಿಯನ್ನು ನೋಡಿ ಬೆಳೆದ ನಮ್ಮವರಿಗೆ ಅದರ ಬೆಲೆ ಗೊತ್ತು.

ಇದೇ ಕಾಲದಲ್ಲಿ ಪಶ್ಚಿಮ ಭಾರತದಲ್ಲಿ ಇನ್ನೊಂದು ಪದ್ಧತಿಯೂ ಇತ್ತು, ಪಾಂಜರಾಪೋಳ. ಮುಂಬಯಿಯಲ್ಲಿ 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ಸರಕಾರದ ಆಜ್ಞೆಗೆ ವಿರುದ್ಧವಾಗಿ ಪಾರ್ಸಿಗಳು ದಂಗೆಯೆದ್ದರು. ಅದಾದ ಮೇಲೆ 1834ರಲ್ಲಿ ಸರ್ ಜಮಶೇಟ್‌ಜಿ ಜೀಜಿಭಾಯಿ ಮೊದಲಾದವರು ಭುಲೇಶ್ವರದಲ್ಲಿ ಪಾಂಜರಾಪೋಳ ಕಟ್ಟಿಸಿದರು. ನಾಸಿಕದ ಪಂಚವಟಿಯ ಪಾಂಜರಾಪೋಳ 1878ರದು. ಹೆಸರಿನಲ್ಲೇ ಪಂಜರವಿದೆ, ಆದರೆ ಊರ ಹೊರಗೆ ಚುಂಚಾಳೆಯ ಕಡೆಗೆ ಅದರ ಜಮೀನು ನೂರಾರು ಎಕರೆ, ತುಂಬ ಮರಗಿಡಗಳು. ಆ ಜಾಗವನ್ನು ಕೈಗಾರಿಕೆಗೆ ಕೊಡುವ ಮಾತು ಬಂದಾಗ ನಾಸಿಕದ ಜನ ಮರಗಳಿಗಾಗಿ ವಿರೋಧಿಸಿದ್ದು ಮೊನ್ನೆ ಮೊನ್ನೆಯ ಸಂಗತಿ. ಹಾಲು ಕೊಡದ ಹಸುವಿಗೆ ಎಷ್ಟು ಜಾಗ ಬೇಕೆಂದು ಲಾಭದ ಲೆಕ್ಕದಲ್ಲಿ ಕೇಳಿದರೆ ಉತ್ತರ ಸೊನ್ನೆ. ಧರ್ಮದ ಲೆಕ್ಕದಲ್ಲಿ ಕೇಳಿದವರು ಬಯಲನ್ನೇ ಕೊಟ್ಟರು.

ಕಾನೂನು ಹಿಡಿದ ಟೇಪು

ಸ್ವತಂತ್ರ ಭಾರತದಲ್ಲಿ ಪಂಜರದ ಮಾತು ಸಂಸತ್ತಿಗೆ ಬಂದದ್ದು ಒಬ್ಬ ನರ್ತಕಿಯಿಂದ. ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯ ಸದಸ್ಯೆಯಾಗಿ ಪ್ರಾಣಿಹಿಂಸೆಯ ವಿರುದ್ಧ ಮಸೂದೆ ತಂದರು. ಸರಕಾರವೇ ಕಾನೂನು ತರುತ್ತದೆಂದು ನೆಹರೂ ಮಾತು ಕೊಟ್ಟರು, 1960ರಲ್ಲಿ ಕಾಯಿದೆಯಾಯಿತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಏರ್ಪಟ್ಟು ರುಕ್ಮಿಣೀದೇವಿಯವರೇ ಅದರ ಮೊದಲ ಅಧ್ಯಕ್ಷರಾದರು. ಆ ಕಾಯಿದೆಯ 11ನೆಯ ಕಲಮಿನಲ್ಲಿ ನಮ್ಮ ಪ್ರಶ್ನೆಗೆ ನೇರ ಉತ್ತರವಿದೆ. ಪ್ರಾಣಿಯು ಸಾಕಷ್ಟು ಚಲಿಸುವುದಕ್ಕೆ ಅವಕಾಶವಿಲ್ಲದಷ್ಟು ಎತ್ತರ, ಉದ್ದ, ಅಗಲ ಕಡಿಮೆಯಿರುವ ಪಂಜರದಲ್ಲಿ ಅದನ್ನು ಇಡುವುದು ಅಪರಾಧ. ಮೊದಲ ಸಲದ ದಂಡ ಐವತ್ತು ರೂಪಾಯಿ ಮೀರದು. ದಂಡ ಚಿಕ್ಕದಾದರೂ ಮಾತು ದೊಡ್ಡದು. ಕಾನೂನು ಎತ್ತರವನ್ನು ಮೊದಲು ಹೇಳಿದೆಯೆಂಬುದನ್ನು ಬಾಲ್ಕನಿಯ ಉದ್ದಗಲ ಮಾತ್ರ ಅಳೆದ ಭಾವನವರಿಗೆ ನಾನು ತೋರಿಸಿಕೊಟ್ಟೆ.

ಐದು ವರ್ಷದ ಮೇಲೆ, 1965ರಲ್ಲಿ, ಬ್ರಿಟನ್ನಿನಲ್ಲಿ ಬ್ರಾಂಬೆಲ್ ಸಮಿತಿ ದನ, ಹಂದಿ, ಕೋಳಿಗಳ ಬಗ್ಗೆ ವರದಿ ಕೊಟ್ಟಿತು. ಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ಹಿಂದುಮುಂದಾಗಿ ತಿರುಗಲು, ಮೈ ನೆಕ್ಕಿ ಶುಚಿಮಾಡಿಕೊಳ್ಳಲು, ಕೈಕಾಲು ಚಾಚಲು ಅಡ್ಡಿಯಿರಬಾರದು ಎಂದು ಅದು ಹೇಳಿತು. ಇಂದು ಓದಿದರೆ, ಇಷ್ಟನ್ನೂ ಹೇಳಬೇಕಾಗಿ ಬಂತೇ ಎನಿಸುತ್ತದೆ. ಆ ಕಾಲದ ಕೊಟ್ಟಿಗೆಗಳಲ್ಲಿ ಅಷ್ಟೂ ಇರಲಿಲ್ಲವೆಂದೇ ಹೇಳಬೇಕಾಯಿತು.

ನಮ್ಮ ಮೃಗಾಲಯಗಳಿಗೆ ಅಂಕಿಗಳಲ್ಲಿ ಅಳತೆ ಬಂದದ್ದು 1992ರಲ್ಲಿ, ಕೇಂದ್ರ ಮೃಗಾಲಯ ಪ್ರಾಧಿಕಾರ ಸ್ಥಾಪನೆಯಾದ ಮೇಲೆ. ಹುಲಿ, ಸಿಂಹಗಳು ಉಣ್ಣುವ ಒಳಕೋಣೆ ಕನಿಷ್ಠ 2.75 ಮೀಟರ್ ಉದ್ದ, 1.80 ಮೀಟರ್ ಅಗಲ, 3 ಮೀಟರ್ ಎತ್ತರವಿರಬೇಕು. 2009ರ ನಿಯಮಗಳ ಕಾಲಕ್ಕೆ ಒಂದು ಜೋಡಿ ಹುಲಿಗೆ ಹೊರಗಿನ ಆವರಣ ಕನಿಷ್ಠ 1000 ಚದರ ಮೀಟರ್ ಎಂದಾಯಿತು. ಅದೇ ವರ್ಷ, ಮೃಗಾಲಯಗಳಲ್ಲಿ ಆನೆಗಳನ್ನು ಇಡಲೇ ಬಾರದು, ಅವುಗಳ ನಡಿಗೆಗೆ ಸಾಲುವಷ್ಟು ಜಾಗ ಅಲ್ಲಿರಲಾರದು ಎಂದು ಪ್ರಾಧಿಕಾರ ನಿರ್ಧರಿಸಿತು.

ಈ ಅಂಕಿಗಳು ಬರಿಯ ಕಾಗದದ ಮೇಲೆ ಉಳಿಯಲಿಲ್ಲ. ಅದಕ್ಕೆ ಸಂಭಾಜಿನಗರವೇ ಸಾಕ್ಷಿ. ಊರ ನಡುವಿನ ಸಿದ್ಧಾರ್ಥ ಉದ್ಯಾನದೊಳಗೆ ನಗರಪಾಲಿಕೆಯ ಮೃಗಾಲಯವಿದೆ. ಹುಲಿಗಳಿಗೆ ಹೆಸರಾದದ್ದು ಅದು; 2020ರಲ್ಲಿ ಮುಂಬಯಿಯ ರಾಣಿಬಾಗಿಗೆ ಬಂದ ಶಕ್ತಿ, ಕರಿಷ್ಮಾ ಎಂಬ ಹುಲಿ ಜೋಡಿ ಅಲ್ಲಿಯದೇ. ಅಲ್ಲಿದ್ದ ಆನೆಗಳು ವಿಶಾಖಪಟ್ಟಣಕ್ಕೆ ಹೋದವು. ಕೊನೆಗೆ 2018ರಲ್ಲಿ, ಜಾಗದ ಕೊರತೆಯೇ ಮೊದಲಾದ ಕಾರಣಗಳಿಗಾಗಿ, ಮೃಗಾಲಯದ ಮಾನ್ಯತೆಯನ್ನೇ ರದ್ದುಮಾಡುವ ಆದೇಶ ಬಂತು. ಊರಾಚೆಯ ಮಿಟಮಿಟಾದಲ್ಲಿ ನೂರು ಎಕರೆಯಷ್ಟು ಜಾಗದಲ್ಲಿ ಹೊಸ ಪ್ರಾಣಿ ಉದ್ಯಾನ ಕಟ್ಟುವ ಯೋಜನೆಯಾದದ್ದು ಈ ಕಾರಣಕ್ಕಾಗಿ. ಮಕ್ಕಳಿಗೆ ಬೇಸಿಗೆ ರಜೆಯ ಸಂತೋಷವಾಗಿದ್ದ ಉದ್ಯಾನವನ್ನು ಯಾರೂ ಕೆಟ್ಟ ಮನಸ್ಸಿನಿಂದ ಕಟ್ಟಿದ್ದಲ್ಲ. ಒಂದು ಕಾಲಕ್ಕೆ ಸಾಕೆನಿಸಿದ್ದು ಇನ್ನೊಂದು ಕಾಲಕ್ಕೆ ಸಾಲದಾಯಿತು. ಹುಲಿ ಬೆಳೆದದ್ದಲ್ಲ, ಹುಲಿಯನ್ನು ಕುರಿತ ನಮ್ಮ ತಿಳಿವಳಿಕೆ ಬೆಳೆದದ್ದು.

ಖೋಲಿಯ ಪಾಠ

ಹಾಗಾದರೆ ಎಷ್ಟು ಚದರ ಅಡಿ ಎಂದು ಹೇಳಿಬಿಟ್ಟರೆ ಮುಗಿಯಿತೇ? ಇಲ್ಲವೆಂದು ಹೇಳಿದವರು ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್. ಮೃಗಾಲಯಗಳ ನಿರ್ದೇಶಕರಾಗಿದ್ದ ಅವರು 1942ರಲ್ಲಿ ಸೆರೆಯಲ್ಲಿರುವ ಕಾಡುಪ್ರಾಣಿಗಳ ಬಗ್ಗೆ ಒಂದು ಪುಸ್ತಕ ಬರೆದರು. ಕಾಡಿನಲ್ಲಿಯೂ ಪ್ರಾಣಿ ಮನಸ್ಸು ಬಂದತ್ತ ಅಲೆಯುವುದಿಲ್ಲ, ಅದಕ್ಕೊಂದು ಕಟ್ಟಿದ ಎಲ್ಲೆಯಿದೆ. ಆ ಎಲ್ಲೆಯೊಳಗೆ ಮಲಗುವ ಸ್ಥಳ, ಉಣ್ಣುವ ಸ್ಥಳ, ಮೀಯುವ ಸ್ಥಳ, ಅಡಗುವ ಸ್ಥಳ, ಕುಳಿತು ನೋಡುವ ಸ್ಥಳ ಎಂದು ಗೊತ್ತುಪಡಿಸಿದ ಜಾಗಗಳಿವೆ ಎಂಬುದು ಅವರ ವಾದ. ಅವೆಲ್ಲ ಇದ್ದರೆ ಆವರಣ ಮನೆಯಾಗುತ್ತದೆ. ಅವಿಲ್ಲದಿದ್ದರೆ ಎಷ್ಟು ದೊಡ್ಡದಾದರೂ ಸೆರೆಯೇ.

ಇದನ್ನು ಅರ್ಥಮಾಡಿಕೊಳ್ಳಲು ಮುಂಬಯಿಗೆ ಬಂದ ಕನ್ನಡಿಗನಿಗೆ ಸ್ವಿಸ್ ಪಂಡಿತನ ಪುಸ್ತಕ ಬೇಡ. ನಮ್ಮ ಹಿರಿಯರು ಚಾಳಿನ ಹತ್ತು ಅಡಿಗೆ ಹತ್ತು ಅಡಿಯ ಖೋಲಿಯಲ್ಲಿ ಆರೇಳು ಮಂದಿ ಸಂಸಾರ ಮಾಡಿದವರು. ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಅಂಗಡಿ ಮುಚ್ಚಿದ ಮೇಲೆ ಮೇಜು ಸರಿಸಿ ಮಲಗಿದವರು. ಅವರು ಬದುಕಿ ಉಳಿದದ್ದು ನೂರು ಚದರ ಅಡಿಯಿಂದಲ್ಲ. ಹೊರಗೊಂದು ಗ್ಯಾಲರಿಯಿತ್ತು, ಅಲ್ಲಿ ನಿಂತು ಬೀದಿ ನೋಡಬಹುದಿತ್ತು. ನಲ್ಲಿಯ ಹತ್ತಿರ ನಾಲ್ಕು ಮಾತಿತ್ತು. ಮಾಳಿಗೆಯ ಮೇಲೆ ಬೇಸಿಗೆಯ ನಿದ್ದೆಯಿತ್ತು. ಪಕ್ಕದಲ್ಲಿ ತನ್ನ ಭಾಷೆಯಾಡುವ ಇನ್ನೊಂದು ಜೀವವಿತ್ತು. ಆ ಗ್ಯಾಲರಿಯನ್ನು ಕಿತ್ತು ಖೋಲಿಯನ್ನು ಎರಡರಷ್ಟು ಮಾಡಿದ್ದರೆ ಅವರು ಉಸಿರುಕಟ್ಟುತ್ತಿದ್ದರೋ ಏನೋ. ಹಾಗೆಂದು ಖೋಲಿ ಚಿಕ್ಕದಿದ್ದರೂ ಪರವಾಗಿಲ್ಲ ಎಂದು ಯಾರೂ ವಾದಿಸಬಾರದು. ಅದರ ಇಕ್ಕಟ್ಟನ್ನು ಉಂಡವರಿಗೇ ಗೊತ್ತು. ಜಾಗವೂ ಬೇಕು, ಜಾಗದಲ್ಲಿ ಏನಿದೆಯೆಂಬುದೂ ಬೇಕು.

ಚಿಂಚಿಲ್ಲಾಕ್ಕೆ ಇದನ್ನು ಅನ್ವಯಿಸಿ ನೋಡೋಣ. ಐದು ಅಡಿಯವರೆಗೆ ಜಿಗಿಯಬಲ್ಲ ಪ್ರಾಣಿಗೆ ನೆಲದ ವಿಸ್ತಾರಕ್ಕಿಂತ ಎತ್ತರ ಮುಖ್ಯ. ಒಂದು ಜೋಡಿಗೆ 2 ಮೀಟರ್, 2 ಮೀಟರ್, 1 ಮೀಟರ್ ಅಳತೆಯ ಪಂಜರವನ್ನು ಪಶುವೈದ್ಯರ ಪುಸ್ತಕಗಳು ಹೇಳುತ್ತವೆ. ನಮ್ಮ ಮನೆಗಳ ಉಕ್ಕಿನ ಕಪಾಟುಗಳನ್ನು ಎರಡು ಸಾಲಿನಲ್ಲಿ ನಾಲ್ಕು ನಿಲ್ಲಿಸಿದಷ್ಟು ಎಂದುಕೊಳ್ಳಿ. ಜೋಡಿ ಎಂದೇಕೆ ಹೇಳುತ್ತಾರೆಂದರೆ ಇದು ಗುಂಪಿನಲ್ಲಿ ಬಾಳುವ ಪ್ರಾಣಿ, ಒಂಟಿತನ ಇದಕ್ಕೆ ಒಗ್ಗದು. ಒಳಗೆ ಬೇರೆ ಬೇರೆ ಎತ್ತರದಲ್ಲಿ ಮರದ ಹಲಗೆಗಳು ಬೇಕು. ಆದರೆ ಮೇಲಿನಿಂದ ಬಿದ್ದರೆ ನೇರ ನೆಲಕ್ಕೆ ಬೀಳದಂತೆ ಒಂದರ ಕೆಳಗೊಂದು ಅಡ್ಡವಿರಬೇಕು. ನೆಲ ಬರಿಯ ತಂತಿಯದಾದರೆ ಪಾದ ಹುಣ್ಣಾಗುತ್ತದೆ. ಹಲ್ಲು ಬದುಕಿರುವಷ್ಟು ಕಾಲ ಬೆಳೆಯುವುದರಿಂದ ಕಡಿಯಲು ಮರ, ಹೊಟ್ಟೆ ತುಂಬ ಒಣಹುಲ್ಲು ಬೇಕು. ಪ್ಲಾಸ್ಟಿಕ್ಕನ್ನು ಕಡಿದು ನುಂಗುವುದರಿಂದ ಅದು ಕೂಡದು. ಬಂಡೆಯ ಬಿರುಕಿನ ಬದಲಿಗೆ ಅಡಗಲು ಒಂದು ಮರದ ಪೆಟ್ಟಿಗೆ, ಮೀಯಲು ಬೂದಿಯಂಥ ಮಣ್ಣಿನ ಬೋಗುಣಿ. ಹಗಲು ನಿದ್ದೆಗೆ ಗಲಾಟೆಯಿಲ್ಲದ ಮೂಲೆ. ಅಂಗಡಿಯವನ ಎರಡು ಅಡಿಯ ಪಂಜರದಲ್ಲಿ ಇಷ್ಟನ್ನು ಇಟ್ಟರೆ ಪ್ರಾಣಿಗೆ ಜಾಗವೆಲ್ಲಿ?

ನಾಸಿಕದ ಬಿಸಿಲು

ವಾರ ಮುಗಿದ ದಿನ ಹುಡುಗ ಸೀಮೆಸುಣ್ಣ ತಂದು ಹಜಾರದ ನೆಲದ ಮೇಲೆ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆದ. ಸೋಫಾ ಅರ್ಧ ಅದರೊಳಗೆ ಬಂತು. ಭಾವನವರು ಸೋಫಾ ಮಾರಲೂ ಸಿದ್ಧರಾದರು! ಮೊಮ್ಮಗನ ಮೇಲಿನ ಪ್ರೀತಿ ಅಷ್ಟು. ಆಗ ನಾನು ಚಾಪ್‌ಮನ್ನನ ಮಂಜುಗಡ್ಡೆಯನ್ನು ನೆನಪಿಸಬೇಕಾಯಿತು.

ಚಿಂಚಿಲ್ಲಾಕ್ಕೆ ಹಿತವಾದದ್ದು ಇಪ್ಪತ್ತು ಡಿಗ್ರಿ ಸೆಲ್ಸಿಯಸ್ಸಿನ ಒಳಗಿನ ಒಣ ತಂಪು. ಇಪ್ಪತ್ತೈದು ದಾಟಿದರೆ ಕಷ್ಟ, ಮೂವತ್ತರ ಹತ್ತಿರ ಬಂದರೆ, ಅದರಲ್ಲೂ ಗಾಳಿಯಲ್ಲಿ ತೇವವಿದ್ದರೆ, ಬಿಸಿಲಾಘಾತದಿಂದ ಸಾಯಬಹುದು. ಅಷ್ಟು ದಟ್ಟ ತುಪ್ಪಳದ ಕಂಬಳಿಯನ್ನು ತೆಗೆದಿಡುವ ಹಾಗಿಲ್ಲವಲ್ಲ. ನಾಸಿಕದ ಚಳಿಗಾಲ ಇದಕ್ಕೆ ಹಬ್ಬವೇ ಸರಿ. ಜನವರಿಯಲ್ಲಿ ಪಕ್ಕದ ನಿಫಾಡದ ರೈತರು ಚಳಿಯಿಂದ ದ್ರಾಕ್ಷಿ ಉಳಿಸಲು ತೋಟದಲ್ಲಿ ಬೆಂಕಿ ಹಾಕುತ್ತಾರೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ನಾಸಿಕವೂ ಸಂಭಾಜಿನಗರವೂ ನಲವತ್ತು ಡಿಗ್ರಿ ದಾಟುತ್ತವೆ. ಅದು ಮುಗಿಯಿತೆನ್ನುವಾಗ ಮಳೆಗಾಲದ ತೇವ. ಬಾಲ್ಕನಿಯಲ್ಲಿ ಎಷ್ಟು ದೊಡ್ಡ ಪಂಜರವಿಟ್ಟರೂ ಮೇ ತಿಂಗಳಲ್ಲಿ ಅದು ಒಲೆಯಾಗುತ್ತದೆ.

ರಾಣಿಬಾಗಿನ ಪೆಂಗ್ವಿನ್‌ಗಳನ್ನು ನೋಡದ ಮುಂಬಯಿ ಮಕ್ಕಳಿಲ್ಲ. ಅವೂ ಚಿಂಚಿಲ್ಲಾದ ನೆರೆಯವೇ, ಚಿಲಿ ಮತ್ತು ಪೆರುವಿನ ಕರಾವಳಿಯ ಹಂಬೋಲ್ಟ್ ಪೆಂಗ್ವಿನ್‌ಗಳು. 2016ರಲ್ಲಿ ಎಂಟು ಹಕ್ಕಿಗಳು ಬಂದವು, ಅದೇ ವರ್ಷ ಒಂದು ತೀರಿಕೊಂಡಿತು. 2017ರಲ್ಲಿ ಗಾಜಿನ ಮನೆ ಸಾರ್ವಜನಿಕರಿಗೆ ತೆರೆಯಿತು. ಹದಿನಾರು ಹದಿನೆಂಟು ಡಿಗ್ರಿಯ ತಂಪನ್ನು ಹಗಲಿರುಳು ಕಾಯಲು ಅಲ್ಲಿ ಯಂತ್ರಗಳಿವೆ, ವೈದ್ಯರಿದ್ದಾರೆ, ಹಿಂದೆ ಮುಂಬಯಿ ಮಹಾನಗರಪಾಲಿಕೆಯ ಬೊಕ್ಕಸವಿದೆ. ಸಂಬಳದ ಮನೆಯಲ್ಲಿ ಕರೆಂಟು ಹೋದ ಮೇ ತಿಂಗಳ ಮಧ್ಯಾಹ್ನ, ಎಲ್ಲರೂ ಆಫೀಸು ಶಾಲೆಗಳಲ್ಲಿರುವಾಗ, ಯಾರು ಕಾಯುತ್ತಾರೆ? ಆದ್ದರಿಂದ ಚಿಂಚಿಲ್ಲಾದ ನಿಜವಾದ ಪಂಜರವೆಂದರೆ ತಂತಿಯ ಪೆಟ್ಟಿಗೆಯಲ್ಲ. ಅದನ್ನಿಟ್ಟ ಕೋಣೆ, ಆ ಕೋಣೆಯ ತಂಪು, ಆ ತಂಪನ್ನು ಹದಿನೈದು ಬೇಸಿಗೆ ಕಾಯುವ ಮನುಷ್ಯರು. ಅಳೆಯಬೇಕಾದ್ದು ಇಷ್ಟನ್ನೂ.

ಇನ್ನೊಂದು ಮಾತು. ಕಾಡಿನ ಚಿಂಚಿಲ್ಲಾದ ವ್ಯಾಪಾರವನ್ನು ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿದೆ, ಸಾಕಿದ ತಳಿಗೆ ಮಾತ್ರ ವಿನಾಯಿತಿ. ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರ ನೋಂದಣಿಗೆ 2024ರಲ್ಲಿ ನಮ್ಮ ಸರಕಾರವೂ ನಿಯಮಗಳನ್ನು ತಂದಿದೆ. ಆದ್ದರಿಂದ ಯಾವುದೇ ವಿದೇಶಿ ಪ್ರಾಣಿಯನ್ನು ಕೊಳ್ಳುವ ಮೊದಲು ರಸೀತಿ, ಕಾಗದಪತ್ರ ಕೇಳಬೇಕು, ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು. ಕಾಗದ ಕೇಳಿದ ಕೂಡಲೇ ಮಾತು ತಿರುಗಿಸುವ ಅಂಗಡಿಯಿಂದ ದೂರವಿರುವುದು ಲೇಸು.

ನನ್ನ ತೀರ್ಪು ಕೇಳಿ ಹುಡುಗನ ಮುಖ ಚಿಕ್ಕದಾಯಿತು. ಬೇಡವೆಂದು ನಾನು ಹೇಳಲಿಲ್ಲ. ಒಂದು ಕೆಲಸ ಕೊಟ್ಟೆ. ಹಜಾರದಲ್ಲಿ ಪಂಜರ ಇಡಬೇಕೆಂದಿದ್ದ ಜಾಗದಲ್ಲೇ ಒಂದು ಉಷ್ಣಮಾಪಕ ತೂಗುಹಾಕಿ, ಮಾರ್ಚಿನಿಂದ ಜೂನ್‌ವರೆಗೆ ದಿನವೂ ಮಧ್ಯಾಹ್ನ ಮತ್ತು ರಾತ್ರಿ ಬರೆದಿಡು. ಕರೆಂಟು ಹೋದ ಗಂಟೆಗಳನ್ನೂ ಬರೆ ಎಂದೆ. ರಜೆ ಬಿಟ್ಟ ಉಳಿದ ದಿನಗಳಲ್ಲಿ ಮಧ್ಯಾಹ್ನದ ಲೆಕ್ಕ ಬರೆಯುವ ಹೊಣೆ ಅಜ್ಜಿಯದು.

ಜುಲೈಯಲ್ಲಿ ಅವನ ಪುಸ್ತಕ ಅಂಚೆಯಲ್ಲಿ ಬಂತು. ನೂರ ಇಪ್ಪತ್ತೆರಡು ದಿನದ ಲೆಕ್ಕ, ಒಂದು ದಿನವೂ ತಪ್ಪಿಲ್ಲ. ಮೇ ತಿಂಗಳ ಪುಟದಲ್ಲಿ ಮೂವತ್ತೈದಕ್ಕಿಂತ ಕೆಳಗಿನ ಮಧ್ಯಾಹ್ನವೇ ಇರಲಿಲ್ಲ. ಕೊನೆಯ ಪುಟದಲ್ಲಿ ಕನ್ನಡದಲ್ಲಿ, ಅವನ ಮರಾಠಿ ತಿರುವಿನ ಅಕ್ಷರಗಳಲ್ಲಿ, ಒಂದು ಸಾಲು ಇತ್ತು: "ಅಜ್ಜ, ನಮ್ಮ ಮನೆ ಅದಕ್ಕೆ ಚಿಕ್ಕದಲ್ಲ, ಬಿಸಿ." ಕೆಳಗೆ ಇನ್ನೊಂದು ಪ್ರಶ್ನೆ. ಪಾಂಜರಾಪೋಳದಲ್ಲಿ ಭಾನುವಾರ ಮಕ್ಕಳನ್ನು ಹುಲ್ಲು ಹಾಕಲು ಬಿಡುತ್ತಾರೆಯೇ, ವಿಚಾರಿಸಿ ಹೇಳುತ್ತೀರಾ?

ವಿಚಾರಿಸುತ್ತಿದ್ದೇನೆ. ನಮ್ಮ ಓದುಗ ಬಂಧುಗಳ ಮನೆಗಳಲ್ಲಿಯೂ ಇಂಥ ವ್ಯಾಜ್ಯಗಳು ಇಂದಲ್ಲ ನಾಳೆ ಬಂದೇ ಬರುತ್ತವೆ. ಗಿಳಿಯದೋ, ಮೊಲದ್ದೋ, ಮೀನಿನದೋ. ಆಗ ಟೇಪು ಹಿಡಿದು ಬಾಲ್ಕನಿಗೆ ಹೋಗುವ ಮೊದಲು ಆ ಜೀವ ಎಲ್ಲಿಂದ ಬಂತು, ಅಲ್ಲಿ ಏನು ಮಾಡುತ್ತಿತ್ತು ಎಂದು ಒಂದು ವಾರ ವಿಚಾರಿಸಿ. ಊರು ಬಿಟ್ಟು ಬಂದು ಇನ್ನೊಬ್ಬರ ಊರಿನಲ್ಲಿ ಜಾಗ ಹುಡುಕಿಕೊಂಡ ನಮಗೆ ಆ ವಿಚಾರಣೆ ಕಷ್ಟವಾಗಬಾರದು.